ಇಳಿ

ಅಕ್ಷರಕ್ಕ ನಾಕು ರೂಪಾಯಿ ಇತ್ತು ಆಗ.
ಒತ್ತಿದ್ರ ಆರು.
ಗುಡಿಸು, ಕೊಂಬು, ಇಳಿ ಎಲ್ಲಾ
ಅಕ್ಷರದ ಸಂಗಾಟನ ಬರ್ತಿದ್ವು, ಪುಕ್ಕಟ.
ರಾಚೋಟೆಪ್ಪ ಇಂಗಳಳ್ಳಿ ಅಂತ ಬರಸೋ ಮುಂದ
ಬೆರಳು ಮಡಚಿ ಎಣಿಸಿದ್ರು ಅವರು:
“ಅಪ್ಪಗೊಂದು ಒತ್ತು, ಹಳ್ಳಿಗೊಂದು ಒತ್ತು.
ಎರಡೂ ಸೋವಿ ಇಲ್ಲ ನೋಡೋ ದಾವಲಸಾಬ.”

ಆಗಿನ್ನೂ ಸಾವಕಾರ್ರಲ್ಲ.
ಮೋಜಣಿದಾರನ ಹಿಂದ ಸರಪಳಿ ಎಳಿಯೋ ಹುಡುಗ,
ಹನ್ನೆರಡು ಪ್ಲಾಟು ಮಾರಿಸಿ, ಬಂದ ದಲಾಲಿಯಾಗ
ಹಳೇ ಹುಬ್ಬಳ್ಳಿಯೊಳಗ ಕಟ್ಟಿಸಿದ್ದು
ಒಂದು ನೀರಿನ ಟಾಕಿ.

ಆ ಕಲ್ಲಿನ ಮ್ಯಾಲ ನಾ ತಪ್ಪಿದೆ.
ದಾನಿ ಅಂತ ಕೆತ್ತಬೇಕಾದಲ್ಲೆ
ಇಳಿ ಬಿಟ್ಟು
ದನಿ ಅಂತ ಕೆತ್ತಿದೆ.
ದನಿ: ರಾಚೋಟೆಪ್ಪ ಇಂಗಳಳ್ಳಿ.
ಹೊಸಾ ಕಲ್ಲಂದ್ರ ನಮ್ಮನಿ ಎಂಟು ದಿನದ ಗಂಜಿ.
ಅವರು ನಕ್ರು. “ಇರಲಿ ಬಿಡೋ,
ನೀರಿಗೆ ಓದಾಕ ಬರೂದಿಲ್ಲ.”
ಆ ಅಕ್ಷರದ ನಾಕು ರೂಪಾಯಿ ಮಾತ್ರ
ಮುರಕೊಂಡ್ರು.

ಆಮ್ಯಾಲ ಊರು ಬೆಳೀತು.
ಗೋಕುಲ ರೋಡಿನಿಂದ ಅಮರಗೋಳದ ಮಟ
ಎರಿ ಹೊಲದ ಮ್ಯಾಲ ಸುಣ್ಣದ ಗೀಟು.
ಕಡ್ಲಿ ಇದ್ದಲ್ಲೆ ಕಾರ್ನರ್ ಸೈಟು,
ಕುಸುಬಿ ಇದ್ದಲ್ಲೆ ನಕಾಶೆಯೊಳಗಷ್ಟ ಪಾರ್ಕು.
ಹುಣಸಿಕಟ್ಟಿ ಕೆರಿಗೆ ಮೂರು ತಿಂಗಳು
ಟಿಪ್ಪರ್‌ಗಟ್ಟಲೆ ಮಣ್ಣು ಉಣಿಸಿ
ಸರೋವರ ನಗರ ಅಂತ ಹೆಸರಿಟ್ರು.
ಕಮಾನಿನ ಅಕ್ಷರ ನನ್ನವ.
ಸತ್ತವರ ಹೆಸರು ಮೊಮ್ಮಕ್ಕಳಿಗೆ ಇಡೋದು
ನಮ್ಮ ಕಡೆ ಪದ್ಧತಿ.

ಅಲ್ಲೇ ನಂದೂ ಒಂದು ಪ್ಲಾಟು, ಇಪ್ಪತ್ತು-ಮೂವತ್ತು.
ಹದಿನೆಂಟು ವರ್ಷದ ಉಳಿಪೆಟ್ಟು, ಕಂತಿನ ಮ್ಯಾಲ ಕಂತು.
ಬುನಾದಿ ಗರಸಿನ ಮಟ ಇಳಿದಿರಲಿಲ್ಲ.
ಎರಿ ಮಣ್ಣು ಮಳಿಗೆ ಉಬ್ಬತೈತಿ,
ಬ್ಯಾಸಿಗಿಗೆ ಬಾಯಿ ಬಿಡತೈತಿ.
ಗ್ವಾಡಿಗೆ ವರ್ಷಕ್ಕೊಂದು ಬಿರುಕು.
ಬಾಗಿಲ ಪಕ್ಕದ್ದೊಂದು, ಉಳಿ ಜಾರಿದಾಗ
ಕಲ್ಲಿನ ಮ್ಯಾಲ ಬೀಳೋ ಗೀಟಿನಂಗ.
ಆಷಾಢದ ರಾತ್ರಿ ಫರಸಿ ಕೆಳಗ ಕಪ್ಪಿ ಒದರತಾವ.
“ಕೆರಿ ಇನ್ನೂ ಮನಿ ಖಾಲಿ ಮಾಡಿಲ್ಲ”
ಅಂತಿದ್ದಳು ಹುಸೇನಬಿ.

ಅಕಿ ಎರಡೂ ಕಿಡ್ನಿ ಹೋದ್ವು.
ದವಾಖಾನಿ ಮೂರನೇ ಮಾಳಿಗಿಯೊಳಗ
ಸಾಲಾಗಿ ಒಂಬತ್ತು ಮಶೀನು.
ಬಾಗಿಲದಾಗಿನ ಬಿಳೇ ಕಲ್ಲು ನನ್ನ ಕೈಯಿಂದ.
ದಾನಿಗಳು, ಅಂತ. ಇಳಿ ಸರಿಯಾಗಿತ್ತು.
ವಾರಕ್ಕ ಎರಡು ಸಲ, ನಾಕು ನಾಕು ತಾಸು,
ಆರು ವರ್ಷ, ಒಂದು ರೂಪಾಯಿ ಕೇಳಲಿಲ್ಲ.
ಅಕಿ ರಕ್ತ ನಳಿಗಿಯೊಳಗ ಹೊರಗ ಬಂದು
ತಿರುಗಿ ಒಳಗ ಹೋಗೋದು ನೋಡಕೋತ ಕುಂತು
ಹಿಸೇಬ ಮಾಡತಿದ್ದೆ:
ಗ್ವಾಡಿ ಒಡದವರೂ ಅವರ,
ಅಕಿನ್ನ ಹಿಡಿದಿಟ್ಟವರೂ ಅವರ.
ಬೈಯಾಕ ಬಾಯಿ ತಗದ್ರ ದುವಾ ಬರತಿತ್ತು.
ದುವಾಕ್ಕ ಕೈ ಎತ್ತಿದ್ರ
ಬಿರುಕು ಮೆತ್ತಿದ ಸಿಮೆಂಟು ಉಗುರಾಗ.

ಒಂದಿನ ಡ್ರೈವರ್ ಇಲ್ಲದ ಬಂದು
ಅಂಗಡಿ ಕಟ್ಟಿ ಮ್ಯಾಲ ಕುಂತ್ರು.
ಸಕ್ಕರಿ ಇಲ್ಲದ ಚಾ ಕುಡದ್ರು.
“ದಾವಲ್, ಈ ಊರಾಗ ನನ್ನ ಹೆಸರಿಲ್ಲದ ಓಣಿ ಐತೇನು?”
“ಇಲ್ರಿ” ಅಂದೆ, ಖುಷಿ ಆಗಲಿ ಅಂತ.
“ಹಂಗಾರ ನಾ ಅಡ್ಡಾಡೋದೆಲ್ಲೆ?”
ನಗಬೇಕೋ ಬ್ಯಾಡೋ ತಿಳೀಲಿಲ್ಲ.
ಕಪ್ಪು ತೊಳಕೊಂಡು ತಾವ ಇಟ್ಟು ಹೋದ್ರು.

ಈಗ ಅವರಿಲ್ಲ. ಹುಸೇನಬಿನೂ ಇಲ್ಲ.
ನಾ ಕೆತ್ತೋದು ಬಿಟ್ಟೆ, ಅಕ್ಷರ ಮಶೀನು ಕೊರೀತೈತಿ.
ನಿನ್ನೆ ಮಗ ವಿಶ್ವಜೀತ ಬಂದಿದ್ದ.
ಹಳೇ ಟಾಕಿಗೆ ಬಣ್ಣ ಹಚ್ಚಿ
ಅಪ್ಪನ ಮೊದಲ ದಾನ ಅಂತ ಬೇಲಿ ಹಾಕಸತಾನಂತ.
ಅದರ ನಳದಾಗ ನೀರು ನಿಂತು
ಹನ್ನೊಂದು ವರ್ಷ.
ಫೋಟೋ ದೊಡ್ಡದು ಮಾಡಿ ತೋರಿಸಿದ.
“ಕಾಕಾ, ಇಲ್ಲೆ ತಪ್ಪೈತಿ.
ಮಶೀನಿಗೆ ಜಾಗಾ ಸಾಲೂದಿಲ್ಲ, ಕೈಯಿಂದನ ಆಗಬೇಕು.
ಒಂದು ಇಳಿಗೆ ಎಷ್ಟು ತಗೋತೀರಿ?”

ದಕ್ಕ ಇಳಿ ಕೊಡಬೇಕಂದ್ರ
ಮೊದಲ ಅದರ ತಲಿಕಟ್ಟು ತಗೀಬೇಕು, ತಮ್ಮಾ.
ಹಾಳಿ ಮ್ಯಾಲ ಆಗತೈತಿ,
ಕಲ್ಲಾಗ ಆಗೂದಿಲ್ಲ.
ಇಷ್ಟು ಹೇಳಬೇಕಂತಿದ್ದೆ.
ಬಾಯಿಂದ ಬಂದದ್ದು ಬ್ಯಾರೆ:
“ನಿಮ್ಮಪ್ಪಾರ ಕಡೆ ನನ್ನ ನಾಕು ರೂಪಾಯಿ ಬಾಕಿ ಐತಿ.
ಅದು ಬರಲಿ, ಆಮ್ಯಾಲ ನೋಡೋಣು.”