ಹತ್ತು ನಿಮಿಷ ಮುಂಚೆ

ಮೆಡಾನಿನಿಂದ ಪೆನಾಂಗಿಗೆ
ಇನ್ನೂರೈವತ್ತು ಕಿಲೋಮೀಟರಿಗೂ ಕಮ್ಮಿ.
ವಿಮಾನ ಏರಿ, ಬೆಲ್ಟು ಬಿಚ್ಚಿ,
ನೀರಿನ ಬಾಟಲಿಯ ಮುಚ್ಚಳ ತಿರುವುವಷ್ಟರಲ್ಲಿ
ಮತ್ತೆ ಬೆಲ್ಟು ಹಾಕಿ ಎನ್ನುತ್ತಾರೆ.
ಅವ್ವ ಇದ್ದಿದ್ದರೆ
ಒಂದು ಸಲ ಎಲೆಯಡಿಕೆ ಜಗಿದು ಉಗುಳುವಷ್ಟು ದೂರ ಎನ್ನುತ್ತಿದ್ದಳು.

ನಮ್ಮ ಬಾಲಿಗೆಗೆ, ಸರೋವರದ ದಂಡೆಗೆ,
ಬಸ್ಸಿನಲ್ಲಿ ಆರು ಗಂಟೆ.
ಪರದೇಶಕ್ಕೆ ಐವತ್ತು ನಿಮಿಷ.
"ಹಾಗಾದರೆ ಪರದೇಶ ಯಾವುದು?" ಎಂದಳು ಲಾಮ್ರಿಯಾ.
ಅಕ್ಕನ ಪ್ರಶ್ನೆಗಳೇ ಹಾಗೆ.
ಮೂವತ್ತು ವರ್ಷ ಒಣಮೀನು ತೂಗಿದವಳು,
ತಕ್ಕಡಿಯ ಮುಳ್ಳು ನಿಲ್ಲುವ ತನಕ ಕೈ ಬಿಡಳು.

ಹೊರಟಿದ್ದು ಒಂಬತ್ತು ಹತ್ತಕ್ಕೆ.
ಇಳಿದಾಗ ಅಲ್ಲಿಯ ಗೋಡೆಯ ಮೇಲೆ ಹನ್ನೊಂದು.
ಐವತ್ತು ನಿಮಿಷ ಹಾರಾಟದ್ದು, ಸರಿ.
ಉಳಿದ ಒಂದು ಗಂಟೆ?
ಸೂರ್ಯನಿಗೆ ಎರಡೂ ಊರು ಒಂದೇ, ಬೆವರೂ ಅದೇ.
ಯಾವುದೋ ಕಚೇರಿಯಲ್ಲಿ ಯಾವನೋ ಗೀಟೆಳೆದು
ದಳ್ಳಾಳಿಯ ಹಾಗೆ ಮುರಿದುಕೊಂಡ ಗಂಟೆ ಅದು.
ಅಕ್ಕ ಕೈಗಡಿಯಾರದ ಮುಳ್ಳು ತಿರುಗಿಸಲಿಲ್ಲ.
"ಸಾಲ ಕೊಟ್ಟಿದೀನಿ, ಬರೆದಿಟ್ಟುಕೋ ತಿಯರ್ಮಾ" ಎಂದಳಷ್ಟೆ.

ಆಸ್ಪತ್ರೆಯ ಬೆಂಚಿನ ತುಂಬ ನಮ್ಮ ಕಡೆಯವರೇ.
ಮುದುಕನೊಬ್ಬ ಡಬ್ಬಿ ತೆರೆದು ಬಿಕಾ ಅಂಬೋನ್ ಹಂಚಿದ,
ಹಳದಿ ಕೇಕು,
ಒಳಗೆಲ್ಲ ಜೇನುಗೂಡಿನಂತೆ ತೂತು ತೂತು.
ಮೂರು ಗಂಟೆಗೆ ಡಾಕ್ಟರು ಪರದೆ ನಮ್ಮತ್ತ ತಿರುಗಿಸಿ
ಅಕ್ಕನ ಶ್ವಾಸಕೋಶ ತೋರಿಸಿದರು.

ನಮ್ಮಲ್ಲಿ ಕಾಂಕರ್ ಎನ್ನುತ್ತೇವೆ,
ಅವರು ಕಾನ್ಸರ್ ಎಂದರು.
ನಡುವೆ ಒಂದಕ್ಷರದ ಜಲಸಂಧಿ.
ಎಷ್ಟು ದಿನ ಎಂದು ಅವಳು ಕೇಳಲಿಲ್ಲ;
ಎಷ್ಟು ದುಡ್ಡು ಎಂದಳು.
ರಿಂಗಿಟ್ಟನ್ನು ರುಪಿಯಾಕ್ಕೆ ಗುಣಿಸಿ
ನರ್ಸಿನ ಕ್ಯಾಲ್ಕುಲೇಟರಿಗಿಂತ ಮುಂಚೆ ಉತ್ತರ ಹೇಳಿದಳು.

ವಾಪಸು ವಿಮಾನ ಐದು ನಲವತ್ತಕ್ಕೆ.
ಕೆಳಗೆ ಹಡಗುಗಳು,
ಕೇರಿದ ಮೇಲೂ ಮೊರದಲ್ಲಿ ಉಳಿದ ನೆಲ್ಲಿನ ಹಾಗೆ
ಅಲ್ಲೊಂದು ಇಲ್ಲೊಂದು.
ಇಳಿದಾಗ ಮೆಡಾನಿನಲ್ಲಿ ಐದೂವರೆ.

ಹೊರಡುವ ಹತ್ತು ನಿಮಿಷ ಮುಂಚೆಯೇ ಬಂದುಬಿಟ್ಟಿದ್ದೆವು!

ಈಗ ಲೆಕ್ಕ ಹಾಕುವ ಸರದಿ ನನ್ನದು.
ಒಂದು ಹಾರಾಟಕ್ಕೆ ಹತ್ತು ನಿಮಿಷ ಲಾಭ.
ಆ ಪರದೆ ತಿರುಗುವ ಮೊದಲಿಗೆ ತಲುಪಲು
ಇಂಥವು ಎಷ್ಟು ಬೇಕು?
ಹದಿನಾರು.
ಹದಿನಾರಕ್ಕಿಂತ ಒಂದು ಹೆಚ್ಚೇ ಇರಲಿ.
ಹದಿನೇಳು ಸಲ ಬರೀ ವಾಪಸು ಬರಬೇಕು,
ಒಮ್ಮೆಯೂ ಹೋಗದೆ.

ಅಕ್ಕನಿಗೆ ಹೇಳಲಿಲ್ಲ.
ಅವಳು ತಿರುಗಿಸದ ಕೈಗಡಿಯಾರವನ್ನು
ಗೋಡೆಯ ಗಡಿಯಾರದ ಪಕ್ಕ ಹಿಡಿದು ನೋಡುತ್ತಿದ್ದಳು.
"ಬಂತಲ್ಲ ನಮ್ಮ ಗಂಟೆ" ಎಂದು,
ಸಾಲ ತೀರಿಸಿದವನ ಹೆಸರು ಹೊಡೆದು ಹಾಕುವಂತೆ
ಗಾಳಿಯಲ್ಲೊಂದು ಗೀಟೆಳೆದಳು.
ಊರೊಳಗಿನ ರೈಲಿಗೆ ಅವಳೇ ಮುಂದಾಗಿ ನಡೆದಳು,
ರಿಪೋರ್ಟಿನ ದೊಡ್ಡ ಲಕೋಟೆಯಿಂದ
ಮುಖಕ್ಕೆ ಗಾಳಿ ಬೀಸಿಕೊಳ್ಳುತ್ತ.