ಎಲುಬಿಲ್ಲದ ಸಾಕ್ಷಿ

ಮಿಲ್ಡುರಾದ ಕೋರ್ಟಿನಲ್ಲಿ ಮಂಗಳವಾರವೆಂದರೆ ರಸ್ತೆಯ ಕೇಸುಗಳು.
ಹನ್ನೊಂದನೆಯ ಕಡತ: ಟೆರೆನ್ಸ್ ಗ್ಯಾಫ್ನಿ,
ನಲವತ್ತಾರು ವರ್ಷ, ಕಿತ್ತಳೆ ಹೇರುವ ಲಾರಿ.
ಟೈಪು ಮಾಡುವವಳು ನಾನು.

ಓಯೆನ್ ದಾಟಿದ ಮೇಲೆ, ನಸುಕಿನ ನಾಲ್ಕೂವರೆಗೆ
ಪೊಲೀಸರು ಕೈ ಅಡ್ಡ ಹಿಡಿದರು.
ಪ್ಲಾಸ್ಟಿಕ್ ಕಡ್ಡಿಯೊಂದು ಅವನ ನಾಲಿಗೆ ಸವರಿತು,
ಮಗುವಿಗೆ ಬಜೆ ತೇಯ್ದು ನೆಕ್ಕಿಸುವ ಹಾಗೆ.
ಐದು ನಿಮಿಷ.
ಮೂಡಬೇಕಾದ ಗೆರೆ ಮೂಡಲಿಲ್ಲ.

ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ ಅಂತ
ನಮ್ಮ ಕಡೆ ಬೈಯುತ್ತಾರೆ.
ಅವನದು ಹೊರಳಲಿಲ್ಲ.
ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿತ್ತು
ಅವನು "ಇಲ್ಲ" ಅನ್ನುವ ಮೊದಲೇ.

"ನಿದ್ದೆ ಬರಬಾರದೆಂದು ನುಂಗಿದೆ, ಮೇಡಂ.
ನಿದ್ದೆಗಿಂತ ಅದೇ ವಾಸಿ ಅನ್ನಿಸಿತು.
ಯಾರಿಗೂ ಏನೂ ಆಗಲಿಲ್ಲವಲ್ಲ."
ಮ್ಯಾಜಿಸ್ಟ್ರೇಟ್ ಕನ್ನಡಕ ತೆಗೆದಿಟ್ಟಳು.
"ಆಗಿದ್ದರೆ ಈ ಕೋಣೆ ಸಾಲುತ್ತಿರಲಿಲ್ಲ, ಮಿಸ್ಟರ್ ಗ್ಯಾಫ್ನಿ."

ದಂಡ. ಹೆಸರಿನ ಮುಂದೆ ಅಪರಾಧ.
ಲೈಸೆನ್ಸು ಆರು ತಿಂಗಳು ರದ್ದು.
ಆ ಪದ ಬಡಿಯಲು ನನ್ನ ಬೆರಳಿಗೆ
ಕಣ್ಣಿನ ಹಂಗಿಲ್ಲ.
ರಸೀದಿಯನ್ನು ನಾಲ್ಕು ಮಡಿಕೆ ಮಾಡುತ್ತಾ ಕೇಳಿದ:
ಮೆರ್ಬೀನ್ ದಾಟಿ, ತೋಟಗಳ ಕಡೆ, ಬಸ್ಸಿದೆಯೇ?
ಇಲ್ಲ. ಅವನಿಗೂ ಗೊತ್ತಿತ್ತು.
ಬೇರೆಯವರ ಬಾಯಿಂದ ಬರಲಿ ಎಂದಿರಬೇಕು.

ನಾಲ್ಕು ಗಂಟೆಗೆ ಕಿಟಕಿಯಾಚೆ ಅವನ ಬಿಳಿ ಪಿಕಪ್ಪು
ಬಿಸಿಲಲ್ಲಿ ಇನ್ನೂ ನಿಂತೇ ಇತ್ತು.
ಅವನು ಎಡಗಡೆ ಕೂತಿದ್ದ, ಸ್ಟಿಯರಿಂಗ್ ಇಲ್ಲದ ಬದಿಗೆ.
ಶಾಲೆಯ ಸಮವಸ್ತ್ರದಲ್ಲಿ ಹುಡುಗಿಯೊಬ್ಬಳು ಬಂದಳು,
ಅವನದೇ ಉದ್ದ ಗದ್ದ.
ಚೀಲದಿಂದ ಹಳದಿ ಫಲಕ ತೆಗೆದು ಅಂಟಿಸಿದಳು,
ಮುಂದೊಂದು, ಹಿಂದೊಂದು. ಬಲಗಡೆ ಹತ್ತಿ ಕೂತಳು.

ಕಲಿಯುವವರ ಪಕ್ಕ ಲೈಸೆನ್ಸಿದ್ದವರೊಬ್ಬರು ಇರಬೇಕು.
ಬೆಳಗ್ಗೆ ಹನ್ನೊಂದರವರೆಗೆ
ಅದು ಅವನೇ ಆಗಿದ್ದ.

ಅವಳು ಏನೋ ಕೇಳಿದಳು.
ಅವನು ತಲೆ ಅಲ್ಲಾಡಿಸಿದ, ಅವಳತ್ತ ನೋಡದೆ.
ಅವಳು ಇಳಿದು ಫಲಕಗಳನ್ನು ಕಿತ್ತಳು,
ಮೊದಲು ಹಿಂದಿನದು.
ಮತ್ತೆ ಹತ್ತಿ ಕೂತಳು. ಎಂಜಿನ್ ಸದ್ದಿಲ್ಲ.
ಒಂದೇ ಗಾಜಿನ ಹಿಂದೆ ಎರಡು ತಲೆ,
ಹೊರಡದ ಗಾಡಿ.

ನನ್ನ ಮನೆ ಆ ದಿಕ್ಕಿಗಲ್ಲ.
ಕಕ್ಷಿಗಾರರ ಜೊತೆ ಬಳಕೆ ಬೇಡವೆಂಬ ಸುತ್ತೋಲೆಗೆ
ನಾನೇ ಪಿನ್ನು ಚುಚ್ಚಿದ್ದೆ, ಹಲಗೆಯ ಮೇಲೆ.
ಕೊರಳ ಪಟ್ಟಿ ಕಳಚಿ ಡ್ರಾಯರಿಗೆ ಹಾಕಿದೆ.
ಪರ್ಸಿನಲ್ಲಿ ನನ್ನ ಲೈಸೆನ್ಸು ಇದೆಯೇ ನೋಡಿಕೊಂಡೆ;
ಫೋಟೊದಲ್ಲಿ ನನಗೇ ನನ್ನ ಮೇಲೆ ಅನುಮಾನ ಬಂದಂತಿದೆ.

ಮೆಟ್ಟಿಲಿಳಿಯುವಾಗ ಹೇಗೆ ಕೇಳಲಿ ಎಂದು
ಎರಡು ವಾಕ್ಯ ಕಟ್ಟಿದೆ.
ಎರಡರಲ್ಲೂ ಕೋರ್ಟಿನ ವಾಸನೆ.
ಬಾಗಿಲ ಹತ್ತಿರ ಮೂರನೆಯದಕ್ಕೆ
ನಾಲಿಗೆ ತಡಕಾಡುತ್ತಿತ್ತು.