ಹಿಂದಿನ ಪುಟದ ತೂಕ

ಗಂಗಾವತಿ, ಕಾರಟಗಿ ರಸ್ತೆ. ರೈಸ್‌ಮಿಲ್ಲಿನ ಕಾಟಾ ನನ್ನ ಕೈಯಲ್ಲಿ.
ಲಾರಿ ತುಂಬಿ ಬಂದದ್ದು ಇಷ್ಟು, ಖಾಲಿ ಹೋದದ್ದು ಇಷ್ಟು,
ಕಳೆದರೆ ಉಳಿದದ್ದು ನೆಲ್ಲು.
ಇಪ್ಪತ್ತೆರಡು ವರ್ಷ ಊರಿನದೆಲ್ಲ ತೂಗಿದವನು
ನನ್ನನ್ನು ತೂಗಿಕೊಂಡದ್ದು
ಮನೆಯ ಸಣ್ಣ ಯಂತ್ರದ ಮುಳ್ಳು ಪೂರ್ತಿ ಸುತ್ತಿ
ಸೊನ್ನೆ ದಾಟಿ ನಾಲ್ಕಕ್ಕೆ ನಿಂತಾಗ.
ಹುಟ್ಟಿದಾಗ ಅಷ್ಟೇ ಇದ್ದೆನಂತೆ, ಅವ್ವ ಹೇಳುತ್ತಿದ್ದಳು.

ಮಿಲ್ಲು ನಿಂತ ಮೇಲೆ, ಒಂದೇ ಲೈಟು ಉಳಿಸಿ,
ಚೀಲ ತೂಗುವ ಕಾಟಾ ಹತ್ತಿದೆ, ಕಳ್ಳನ ಹಾಗೆ:
ನೂರಾ ಮೂವತ್ನಾಲ್ಕು ಪಾಯಿಂಟ್ ಆರು.
ಕಂಬದ ಹಿಂದೆ ಬೀಡಿ ಸೇದುತ್ತಿದ್ದ ಹಮಾಲಿ ಯಮನೂರಪ್ಪ ಅಂದ:
"ಚೀಲ ಹೊತ್ತಾಗ ನಾನೂ ನಿಮ್ಮಷ್ಟ ಆಗ್ತೀನಿ ನೋಡ್ರಿ, ಗುಮಾಸ್ತ್ರ.
ಆದ್ರ ನಂದು ಸಂಜೀಕ ಇಳೀತೈತಿ."
ನಗಲಿಲ್ಲ ಅವನು. ಅದೇ ಚುಚ್ಚಿತು.

ಹೋದ ವರ್ಷದ್ದೂ ಹೇಳಿಬಿಡುತ್ತೇನೆ.
ಯುಗಾದಿಯ ಬೇವು ತಿಂದ ಬಾಯಲ್ಲೇ ಆಣೆ ಮಾಡಿದ್ದೆ:
ದೀಪಾವಳಿಗೆ ಐವತ್ತು ಕೆಜಿ ಕಡಿಮೆ, ಅಂಜನಾದ್ರಿ ಒಂದೇ ಉಸಿರಿಗೆ.
ಹತ್ತೊಂಬತ್ತು ದಿನ ಸೌತೆಕಾಯಿ, ಮಜ್ಜಿಗೆ, ಸಿಟ್ಟು.
ಒಗ್ಗರಣೆ ಹಾಕುವಾಗ ಗೌರಮ್ಮ ಅಡುಗೆಮನೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು,
ಮನೆಯಲ್ಲಿ ಬೇನೆ ಬಿದ್ದವರು ಇದ್ದಾರೆಂಬಂತೆ.
ಇಪ್ಪತ್ತನೆಯ ದಿನ, ಬಸ್‌ಸ್ಟ್ಯಾಂಡಿನ ಬಂಡಿಯ ಮುಂದೆ
ಹನ್ನೊಂದು ಮಿರ್ಚಿ, ಎರಡು ಪ್ಲೇಟು ಮಂಡಕ್ಕಿ,
ನಿಂತೇ ತಿಂದೆ, ಕೂತರೆ ತಿಂದ ಹಾಗಾಗುತ್ತದೆಂದು.
ದೀಪಾವಳಿಗೆ ನಾಲ್ಕು ಕೆಜಿ ಜಾಸ್ತಿಯೇ ಆಗಿತ್ತು.
ಹಣತೆ ಹಚ್ಚಲು ಬಗ್ಗಲಾಗದೆ ಬತ್ತಿಯನ್ನು ಮಗಳ ಕೈಗೆ ಕೊಟ್ಟೆ.

ಈ ಸಲ ಸರಕಾರಿ ದವಾಖಾನೆ. ಡಾಕ್ಟರು ತಬಸ್ಸುಮ್,
ನನ್ನ ಅಕ್ಕನ ಮಗಳ ವಯಸ್ಸು.
"ಎಷ್ಟು ಇಳಿಸಬೇಕಂತೀರಿ?"
"ಐವತ್ತು."
ಚೀಟಿಯ ಮೇಲೆ ಏಳು ಎಂದು ಬರೆದರು. ಪಕ್ಕದಲ್ಲಿ, ಆರು ತಿಂಗಳು.
ಏಳು!
ನಮ್ಮ ಮಿಲ್ಲಿನ ನೆಲ ಗುಡಿಸಿದರೆ ಅದಕ್ಕಿಂತ ಹೆಚ್ಚು ಬರುತ್ತದೆ ಮೇಡಂ,
ಗುಬ್ಬಿಗಳೇ ತಿಂದು ಹೋಗುತ್ತವೆ ಅಷ್ಟನ್ನು.
ಅವರು ಕೇಳಿದ್ದು ಇಷ್ಟೇ:
"ಹಸಿ ನೆಲ್ಲನ್ನ ಒಂದ ದಿನಕ್ಕ ಒಣಗಿಸ್ತೀರೇನು ನೀವು?"

ಅಲ್ಲಿಗೆ ನನ್ನ ಬಾಯಿ ಬಂದಾಯಿತು.
ಅವಸರದ ಶಾಖಕ್ಕೆ ಕಾಳಿನ ಹೊಟ್ಟೆಯಲ್ಲಿ ಬಿರುಕು;
ಹೊರಗೆ ಕಾಣದು, ಮಿಲ್ಲಿಗೆ ಹಾಕಿದಾಗಲೇ ನುಚ್ಚು.
ಆ ಹತ್ತೊಂಬತ್ತು ದಿನಗಳು ನನ್ನೊಳಗೆ
ಇನ್ನೂ ನುಚ್ಚಾಗಿ ಚೆಲ್ಲಿಕೊಂಡಿದ್ದವು.

ಈಗಿನ ಗುರಿಗಳು ಸಣ್ಣವು, ಯಾರಿಗಾದರೂ ಹೇಳಲು ನಾಚಿಕೆ.
ಕಾಲುಗುರು ನಾನೇ ಕತ್ತರಿಸಿಕೊಳ್ಳುವುದು.
ಮೂರು ಮಿರ್ಚಿಗೆ ನಿಲ್ಲಿಸುವುದು, ಕೂತು ತಿನ್ನುವುದು.
ಟಂಟಂ ಖಾಜಾಸಾಬ ನನ್ನ ಹತ್ತಿರ ಒಂದೇ ಸೀಟಿನ ರೊಕ್ಕ ತಗೊಳ್ಳುವುದು
(ಅದಕ್ಕೆ ಇನ್ನೂ ಎರಡು ವರ್ಷ ಬೇಕು, ಲೆಕ್ಕ ಹಾಕಿದ್ದೇನೆ).
ಅನ್ನದ ಊರಲ್ಲಿದ್ದು ಅನ್ನ ಬಿಟ್ಟೆನೆಂದು ಸುಳ್ಳಾಡುವುದಿಲ್ಲ;
ಒಂದು ಸೌಟು ಕಡಿಮೆ, ಆ ಜಾಗಕ್ಕೆ ಪುಂಡಿಪಲ್ಯ.
ಅಂಜನಾದ್ರಿಯ ತುದಿ ಸದ್ಯಕ್ಕೆ ಬೇಡ.
ಮೊದಲ ತಿರುವಿನಲ್ಲಿ ಸೋಡಾ ಮಾರುವ ಹುಲಿಗೆಮ್ಮ ಇದ್ದಾಳೆ,
ಅವಳು ಕೂರುವ ಕಲ್ಲಿನ ತನಕ.
"ಮ್ಯಾಲ ಹೋಗಂಗಿಲ್ಲೇನು?" ಅಂತಾಳೆ.
"ನಾ ಬಂದದ್ದು ನಿನ್ನ ತನಕ" ಅಂದರೆ
ಲಿಂಬೆ ಹಿಂಡಿ, ಸಕ್ಕರೆ ಬಿಟ್ಟು, ಉಪ್ಪು ಹಾಕಿ ಕೊಡುತ್ತಾಳೆ.

ಲಾರಿ ಕಾಟಾಕ್ಕೆ ಹತ್ತು ಕೆಜಿಗಿಂತ ಸಣ್ಣದು ಕಾಣುವುದಿಲ್ಲ.
ಊರ ಕಣ್ಣೂ ಹಾಗೆಯೇ.
"ಏನೂ ಇಳಿದಿಲ್ಲಲ್ಲ ಗುಮಾಸ್ತ್ರ" ಅಂತಾರೆ ಏಜೆಂಟರು.
ಚೀಲದ ಕಾಟಾ ಮಾತ್ರ ನೂರು ಗ್ರಾಮೂ ಬಿಡದೆ ಹೇಳುತ್ತದೆ.
ಶನಿವಾರ ಸಂಜೆ, ಪೆನ್ಸಿಲ್ಲಿನಲ್ಲಿ,
ರಿಜಿಸ್ಟರಿನ ಹಿಂದಿನ ಪುಟಕ್ಕೆ ಬರೆಯುತ್ತೇನೆ:
೧೩೪.೬
೧೩೩.೯
೧೩೩.೯
೧೩೨.೮

ಈ ಶನಿವಾರ ೧೩೩.೪. ಆರು ನೂರು ಗ್ರಾಂ ಮೇಲೆ.
ಪುಟ ಹರಿಯಲು ಬೆರಳು ಹೋಯಿತು, ಹಳೆಯ ಚಾಳಿ.
ಆಮೇಲೆ ಷರಾ ಕಾಲಮ್ಮಿನಲ್ಲಿ,
ಹಸಿ ಲೋಡು ಬಂದಾಗ ಬರೆಯುವಂತೆಯೇ ಬರೆದೆ:
ತೇವ.
ಗೇಟಿನಾಚೆ ಸಿಂಧನೂರಿನ ಲಾರಿ ಹಾರ್ನ್ ಹೊಡೆಯುತ್ತಿತ್ತು.